ಡಿಗ್ರಿ ನೋಡುವ ಮೊದಲು ವ್ಯಾಟ್ ನೋಡಿ

ಬೇಸಿಗೆ ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರತೊಡಗುತ್ತವೆ. ಮಾನಿಟರ್‌ನ ಫೋಟೋ, ಅದರಲ್ಲಿ ಕೆಂಪು ಬಣ್ಣದ ಒಂದು ಸಂಖ್ಯೆ, ಕಂಪ್ಯೂಟರ್‌ನ ಪ್ರೊಸೆಸರ್ ಎಷ್ಟು ಡಿಗ್ರಿ ಬಿಸಿಯಾಗಿದೆ ಎಂದು. 92, 97, 100. ಕೆಳಗೆ ಒಂದೇ ಸಾಲು: "ಇದು ಜಾಸ್ತಿ ಅಲ್ವಾ?" ಕಳಿಸುವವರು ಸ್ನೇಹಿತರು, ನೆಂಟರು, ನೆಂಟರ ಸ್ನೇಹಿತರು. ಎಲ್ಲರೂ ತಾವೇ ಪಾರ್ಟ್ಸ್ ಆರಿಸಿ ಕಂಪ್ಯೂಟರ್ ಕಟ್ಟಿಕೊಂಡವರು ಅಥವಾ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೂತು ಕಟ್ಟಿಸಿಕೊಂಡವರು. ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಆ ಹೊತ್ತಿಗೆ ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತಿತ್ತು? ರೂಮಿನಲ್ಲಿ ಎಷ್ಟು ಡಿಗ್ರಿ ಇತ್ತು? ಎರಡಕ್ಕೂ ಉತ್ತರ ಇರುವುದಿಲ್ಲ. ಆದರೆ ಅಷ್ಟರಲ್ಲಿ ಪ್ರೊಸೆಸರ್‌ಗೂ ಅದನ್ನು ತಣಿಸುವ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್ ಬದಲಾಗಿರುತ್ತದೆ, ಹೊಸ ಫ್ಯಾನ್ ಬಂದಿರುತ್ತದೆ, ಕೆಲವರಂತೂ ನಾಲ್ಕೈದು ಸಾವಿರ ಕೊಟ್ಟು ವಾಟರ್ ಕೂಲರ್ ತಂದಿರುತ್ತಾರೆ. ಸಂಖ್ಯೆ ಮಾತ್ರ ಅಲ್ಲೇ ಇರುತ್ತದೆ.

ಇದು ನನಗೆ ನಿಜಕ್ಕೂ ಬೇಜಾರು ತರುವ ವಿಷಯ. ಕಷ್ಟಪಟ್ಟು ದುಡ್ಡು ಕೂಡಿಸಿ ಕಟ್ಟಿದ ಯಂತ್ರ ಅದು. ಆ ಹೆದರಿಕೆಗೆ ಅರ್ಥ ಇದೆ. ಆದರೆ ಡಿಗ್ರಿ ಒಂದನ್ನೇ ಹಿಡಿದುಕೊಂಡು ರಿಪೇರಿಗೆ ಇಳಿದರೆ ಎಲ್ಲಿ ಕೈ ಹಾಕಬೇಕು ಅನ್ನುವುದೇ ತಿಳಿಯುವುದಿಲ್ಲ. ಕೆಲವು ಸಲ ಆ ಸಂಖ್ಯೆ ಉಷ್ಣತೆಯೇ ಆಗಿರುವುದಿಲ್ಲ. 2017ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 1700ಎಕ್ಸ್, 1800ಎಕ್ಸ್ ಪ್ರೊಸೆಸರ್‌ಗಳು ತಮ್ಮ ನಿಜವಾದ ಬಿಸಿಗಿಂತ 20 ಡಿಗ್ರಿ ಜಾಸ್ತಿ ಹೇಳುತ್ತಿದ್ದವು. ಫ್ಯಾನ್ ನಿಯಂತ್ರಣಕ್ಕೆ ಅನುಕೂಲವಾಗಲಿ ಎಂದು ಕಂಪನಿಯೇ ಹಾಗೆ ಮಾಡಿತ್ತು, ಆಮೇಲೆ ಅದನ್ನು ವಿವರಿಸಿಯೂ ಹೇಳಿತು. ಇನ್ನು 2022ರ ರೈಜನ್ 7000 ಸರಣಿಯಲ್ಲಿ ಹೆಸರಿನ ಕೊನೆಗೆ ಎಕ್ಸ್ ಇರುವ ಪ್ರೊಸೆಸರ್‌ಗಳು ಪೂರ್ತಿ ಲೋಡ್‌ನಲ್ಲಿ 95 ಡಿಗ್ರಿವರೆಗೆ ಹೋಗುವಂತೆಯೇ ಮಾಡಿದವು. ಎಷ್ಟು ಒಳ್ಳೆಯ ಕೂಲರ್ ಹಾಕಿದರೂ ಅವು ಆ ಜಾಗವನ್ನು ವೇಗಕ್ಕೆ ಬಳಸಿಕೊಂಡು ಮತ್ತೆ 95ರ ಹತ್ತಿರ ಹೋಗಿ ನಿಲ್ಲಬಹುದು. ಅಲ್ಲಿ 95 ನೋಡಿ ಪೇಸ್ಟ್ ಬದಲಿಸಿದರೆ ಏನು ಸಿಗುತ್ತದೆ?

ಮಹಡಿ ಮೇಲಿನ ರೂಮು

ನಮ್ಮ ಅಕ್ಕನ ಮಗ ಕಲಬುರಗಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ನಮ್ಮ ಕಡೆ ಮದುವೆಗಳು ಹೆಚ್ಚು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿ ದಾಟುವುದೂ ಆಗಲೇ. ಅಂದರೆ ಅವನ ಕಂಪ್ಯೂಟರ್‌ಗೆ ವರ್ಷದಲ್ಲೇ ಅತಿ ಹೆಚ್ಚು ಕೆಲಸ ಇರುವುದು ವರ್ಷದಲ್ಲೇ ಅತಿ ಹೆಚ್ಚು ಬಿಸಿಲಿರುವ ದಿನಗಳಲ್ಲಿ. ಅವನ ಎಡಿಟಿಂಗ್ ರೂಮು ಮನೆಯ ಮೇಲಿನ ಮಹಡಿಯಲ್ಲಿ. ಮೇಲೆ ಆರ್‌ಸಿಸಿ ಸ್ಲ್ಯಾಬ್, ಕೆಳಗೆ ಶಹಾಬಾದ್ ಕಲ್ಲಿನ ನೆಲ. ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೊಂದರವರೆಗೂ ಕೆಳಗೆ ಬಿಸಿ ಬಿಡುತ್ತಲೇ ಇರುತ್ತದೆ.

"ಮಾಮಾ, ನೂರು ತೋರಸ್ಲಕತ್ತದ. ಎಕ್ಸ್‌ಪೋರ್ಟ್‌ಗೆ ಹಾಕಿದ ಕೂಡ್ಲೇ ಹೋಗಿ ನಿಂದರ್ತದ," ಎಂದು ಫೋನ್ ಮಾಡಿದ್ದ. ಎಡಿಟ್ ಮುಗಿದ ವಿಡಿಯೊವನ್ನು ಕೊನೆಯ ಫೈಲ್ ಆಗಿ ಬರೆಸುವುದೇ ಎಕ್ಸ್‌ಪೋರ್ಟ್. ಆ ವಾರ ಹೇಗೂ ನಾನು ಊರಿಗೆ ಹೊರಟಿದ್ದೆ. ಹೋದ ದಿನ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಮೇಲೆ ಹೋಗಿ ಕೂತೆವು. ಇಂಟೆಲ್‌ನ ಐ7-12700 ಪ್ರೊಸೆಸರ್. ಬಿಸಿ ಸಾಗಿಸುವ ನಾಲ್ಕು ಕೊಳವೆ (ಹೀಟ್‌ಪೈಪ್) ಇರುವ ಟವರ್ ಕೂಲರ್, ಅವನ ಹಳೆಯ ಕಂಪ್ಯೂಟರ್‌ನಿಂದ ತೆಗೆದು ಇದಕ್ಕೆ ಹಾಕಿದ್ದು. ಮುಂದೆ ಗಾಜಿನ ಪ್ಯಾನಲ್ ಇರುವ ಕೇಸ್, ಒಳಗೆ ಬಣ್ಣ ಬಣ್ಣದ ಫ್ಯಾನ್‌ಗಳು. ಅಂಗಡಿಯವರು ಜೋಡಿಸಿ ಕೊಟ್ಟಿದ್ದರು. ನಾನು ಬರುವ ಮೊದಲೇ ಅವನು ಒಂದು ಫ್ಯಾನ್ ಜಾಸ್ತಿ ಹಾಕಿಸಿದ್ದ. ಒಂದು ಡಿಗ್ರಿಯೂ ಇಳಿದಿರಲಿಲ್ಲ.

ಮೊದಲು ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ನೋಡಿದೆವು: 39. ಆಮೇಲೆ ಸೆನ್ಸರ್‌ಗಳ ಲೆಕ್ಕ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಎಂಬ ಸಾಫ್ಟ್‌ವೇರ್ ತೆರೆದು ಮೂರು ಸಾಲನ್ನಷ್ಟೇ ಕಣ್ಣಿಗೆ ಬೀಳುವಂತೆ ಇಟ್ಟೆವು. ಸಿಪಿಯು (ಅಂದರೆ ಪ್ರೊಸೆಸರ್) ಪ್ಯಾಕೇಜ್ ಉಷ್ಣತೆ, ಸಿಪಿಯು ಪ್ಯಾಕೇಜ್ ಪವರ್, ಥರ್ಮಲ್ ಥ್ರಾಟ್ಲಿಂಗ್ (ಬಿಸಿ ಮಿತಿ ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುವುದು) ಆಗುತ್ತಿದೆಯೇ ಇಲ್ಲವೇ. ಏನೂ ಕೆಲಸ ಕೊಡದೆ ಸುಮ್ನೆ ಬಿಟ್ಟಾಗ 47 ಡಿಗ್ರಿ, 15 ವ್ಯಾಟ್. ನೋಡಿದವರು ಎಲ್ಲ ಸರಿ ಇದೆ ಅನ್ನಬೇಕು. ಅವನು ಒಂದು ರಿಸೆಪ್ಷನ್ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದ. ಪವರ್ 180ರ ಹತ್ತಿರ ಜಿಗಿಯಿತು. ಉಷ್ಣತೆಯ ಗೆರೆ ಏರಲಿಲ್ಲ, ನೇರವಾಗಿ ಎದ್ದು ನಿಂತಿತು. 47ರಿಂದ 100ಕ್ಕೆ, ನಡುವೆ ಒಂದು ಸಂಖ್ಯೆಯನ್ನೂ ಓದಲು ಆಗದಷ್ಟು ಬೇಗ. ತಕ್ಷಣ ಥ್ರಾಟ್ಲಿಂಗ್ ಸಾಲಿನಲ್ಲಿ "ಹೌದು" ಬಂತು. ಪವರ್ ಇಳಿಯುತ್ತಾ ಬಂದು 110ರ ಆಸುಪಾಸಿನಲ್ಲಿ ನಿಂತಿತು. ಡಿಗ್ರಿ ನೂರರಲ್ಲೇ ಉಳಿಯಿತು.

ಆ ಗೆರೆ ಎದ್ದು ನಿಂತ ವೇಗದಲ್ಲೇ ಅರ್ಧ ಉತ್ತರ ಇತ್ತು. ಪ್ರೊಸೆಸರ್‌ನ ಸಿಲಿಕಾನ್ ತುಂಬ ಚಿಕ್ಕದು, ಅದು ಒಂದು ಸೆಕೆಂಡಿನೊಳಗೆ ಬಿಸಿಯಾಗುತ್ತದೆ. ಕೂಲರ್‌ನ ತಾಮ್ರ, ಅಲ್ಯೂಮಿನಿಯಂ ಎಲ್ಲ ಸೇರಿ ಅರ್ಧ ಕೆಜಿಗೂ ಮೇಲೆ ತೂಗುತ್ತದೆ, ಅದು ಬಿಸಿಯಾಗಲು ನಿಮಿಷಗಳು ಬೇಕು. ಕೇಸಿನೊಳಗಿನ ಗಾಳಿ, ಆಮೇಲೆ ರೂಮು ಬಿಸಿಯಾಗಲು ಹದಿನೈದು ಇಪ್ಪತ್ತು ನಿಮಿಷ. ಹಾಗಾಗಿ ಕೇಸಿಗೆ ಗಾಳಿ ಸಾಲದೆ ಬಿಸಿಯಾಗುತ್ತಿದ್ದರೆ ಗೆರೆ ನಿಧಾನವಾಗಿ ಏರಬೇಕು: 75, 80, 84 ಹೀಗೆ. ಲೋಡ್ ಬಿದ್ದ ಕೂಡಲೇ ನೂರಕ್ಕೆ ಹೋಯಿತೆಂದರೆ ಬಿಸಿ ಕೂಲರ್‌ವರೆಗೆ ಸರಿಯಾಗಿ ತಲುಪುತ್ತಿಲ್ಲ. ನಾನು ಕೂಲರ್‌ನ ರೆಕ್ಕೆಗಳ ಮೇಲೆ ಬೆರಳಿಟ್ಟು ನೋಡಿದೆ. ಪ್ರೊಸೆಸರ್ ನೂರು ಡಿಗ್ರಿಯಲ್ಲಿದೆ, ಅದರ ತಲೆಯ ಮೇಲೆ ಕೂತ ಕೂಲರ್ ಬೆರಳು ಇಟ್ಟುಕೊಂಡೇ ಇರುವಷ್ಟು ಬೆಚ್ಚಗಿತ್ತು. ಅವನ ಕೈಯನ್ನೂ ಹಿಡಿದು ಇಡಿಸಿದೆ. ಹೊಸ ಫ್ಯಾನ್ ಯಾಕೆ ಕೆಲಸ ಮಾಡಲಿಲ್ಲ ಎಂದು ಆಮೇಲೆ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಒಂದು ಸಣ್ಣ ಲೆಕ್ಕ

ಇಲ್ಲಿ ಒಂದು ಲೆಕ್ಕ ಹಾಕಿ ತೋರಿಸಲೇಬೇಕು, ಯಾಕೆಂದರೆ ಇಡೀ ವಿಷಯ ಅದರ ಮೇಲೆ ನಿಂತಿದೆ. ಪ್ರೊಸೆಸರ್ ಉಷ್ಣತೆಯಿಂದ ರೂಮಿನ ಉಷ್ಣತೆ ಕಳೆಯಿರಿ. ಬಂದದ್ದನ್ನು ವ್ಯಾಟ್‌ನಿಂದ ಭಾಗಿಸಿ. ಅವನ ಯಂತ್ರದಲ್ಲಿ 100ರಿಂದ 39 ಕಳೆದರೆ 61. ಅದನ್ನು 110ರಿಂದ ಭಾಗಿಸಿದರೆ ಸುಮಾರು 0.55. ಅಂದರೆ ಪ್ರತಿ ಒಂದು ವ್ಯಾಟ್‌ಗೆ ಅರ್ಧ ಡಿಗ್ರಿಗೂ ಜಾಸ್ತಿ ಏರುತ್ತಿದೆ. ಅಂಥ ಕೂಲರ್‌ಗೆ ಇದು 0.4ರ ಹತ್ತಿರ ಇರಬೇಕು. ಕರೆಂಟಿನ ದಾರಿಯಲ್ಲಿ ರೆಸಿಸ್ಟೆನ್ಸ್ ಇದ್ದ ಹಾಗೆಯೇ ಬಿಸಿಯ ದಾರಿಯಲ್ಲೂ ಇರುತ್ತದೆ, ಹೈಸ್ಕೂಲಿನ ಓಮ್ ನಿಯಮದ ಲೆಕ್ಕವೇ ಇಲ್ಲೂ ನಡೆಯುತ್ತದೆ. ಸುಮ್ನೆ ಇದ್ದಾಗ 47 ತೋರಿಸಿದ್ದು ಯಾಕೆ ಅನ್ನುವುದೂ ಇದರಿಂದ ಬಿಡಿಸಿಕೊಳ್ಳುತ್ತದೆ. 15 ವ್ಯಾಟ್‌ಗೆ 0.55 ಆದರೆ ಎಂಟು ಡಿಗ್ರಿ, 0.4 ಆದರೆ ಆರು. ಎರಡು ಡಿಗ್ರಿಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಐಡಲ್ ಉಷ್ಣತೆ ನೋಡಿ ಸಮಾಧಾನಪಟ್ಟುಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಅದರಲ್ಲೂ ಇಂಟೆಲ್‌ನ ಸೆನ್ಸರ್‌ಗಳು ನೂರರಂಥ ಗರಿಷ್ಠ ಮಿತಿಗೆ ಇನ್ನೆಷ್ಟು ದೂರ ಇದೆ ಎಂದು ಅಳೆಯುತ್ತವೆ. ಮಿತಿಯ ಹತ್ತಿರ ಅವುಗಳ ಲೆಕ್ಕ ಚೆನ್ನಾಗಿರುತ್ತದೆ, ಕೆಳಗೆ ಹೋದಷ್ಟೂ ಸಡಿಲವಾಗುತ್ತದೆ.

ರೂಮಿನ ಉಷ್ಣತೆ ಯಾಕೆ ಕಳೆಯಬೇಕು ಅನ್ನುವುದಕ್ಕೆ ನಮ್ಮ ಕಡೆಯವರು ಹೆಚ್ಚು ಗಮನ ಕೊಡಬೇಕು. ಕೂಲರ್‌ಗಳ ರಿವ್ಯೂ ನೋಡಿ. ಅವುಗಳಲ್ಲಿ ಹೆಚ್ಚಿನವು 21ರಿಂದ 25 ಡಿಗ್ರಿಯ ತಣ್ಣನೆ ರೂಮುಗಳಲ್ಲಿ ಮಾಡಿದ ಪರೀಕ್ಷೆಗಳು. ಅಲ್ಲಿ 78 ಬಂದದ್ದು ಕಲಬುರಗಿಯ ಮೇ ತಿಂಗಳಲ್ಲಿ 95 ಆಗುತ್ತದೆ. ಕೂಲರ್ ಅದೇ, ಕೆಲಸ ಅದೇ, ಏನೂ ಕೆಟ್ಟಿಲ್ಲ. ಯಾವ ಫ್ಯಾನ್ ಆಗಲಿ, ಯಾವ ರೇಡಿಯೇಟರ್ ಆಗಲಿ ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು.

ಇನ್ನು ಬಿಸಿ ಯಾಕೆ ಇಷ್ಟು ಹಟ ಮಾಡುತ್ತದೆ? ಇಸ್ತ್ರಿ ಪೆಟ್ಟಿಗೆ ನೆನೆಸಿಕೊಳ್ಳಿ. 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರ್‌ಗೆ 5 ವ್ಯಾಟ್ ಬಂತು. ಈ ಪ್ರೊಸೆಸರ್‌ನ ಸಿಲಿಕಾನ್ ತುಂಡು ಎರಡು ಚದರ ಸೆಂಟಿಮೀಟರ್‌ಗಿಂತ ಚೂರು ದೊಡ್ಡದು, ಅದರಲ್ಲಿ 180 ವ್ಯಾಟ್. ಚದರ ಸೆಂಟಿಮೀಟರ್‌ಗೆ 80ಕ್ಕೂ ಜಾಸ್ತಿ. ಅಷ್ಟು ಬಿಸಿಯನ್ನು ಅಷ್ಟು ಚಿಕ್ಕ ಜಾಗದಿಂದ ಎತ್ತಿಕೊಂಡು ಹೋಗಬೇಕು, ಕ್ಷಣ ಕ್ಷಣವೂ. ದಾರಿಯಲ್ಲಿ ಕೂದಲೆಳೆಯಷ್ಟು ಗಾಳಿ ಸಿಕ್ಕಿಕೊಂಡರೂ ಸಾಕು, ಎಲ್ಲ ಅಲ್ಲೇ ನಿಲ್ಲುತ್ತದೆ.

ಕೂಲರ್‌ನ ಕೆಳಗೆ

ಸಂಜೆ ಬಿಸಿಲು ಇಳಿದ ಮೇಲೆ ಕೂಲರ್ ಬಿಚ್ಚಿದೆವು. ಅವನಿಗೆ ನಾನು ಮೊದಲೇ ಹೇಳಿದ್ದೆ, ಕೂಲರ್ ಎತ್ತುವಾಗ ಎಳೆಯಬೇಡ, ಸ್ವಲ್ಪ ತಿರುಗಿಸುತ್ತಾ ಬಿಡಿಸು ಎಂದು. ಇಂಟೆಲ್‌ನಲ್ಲಿ ಪ್ರೊಸೆಸರ್ ಲೋಹದ ಚೌಕಟ್ಟಿನೊಳಗೆ ಕೂತಿರುವುದರಿಂದ ಅಪಾಯ ಕಡಿಮೆ. ಆದರೆ ಎಎಂ4 ಎಂಬ ಸಾಕೆಟ್‌ನ ರೈಜನ್‌ಗಳಲ್ಲಿ ಒಣಗಿದ ಪೇಸ್ಟ್ ಹಿಡಿದುಕೊಂಡು ಪ್ರೊಸೆಸರ್ ತಾನು ಕೂರುವ ಸಾಕೆಟ್‌ನಿಂದಲೇ ಕಿತ್ತು ಬರಬಹುದು, ಪಿನ್‌ಗಳು ಬಾಗಬಹುದು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಬಿಚ್ಚಿದರೆ ಒಳ್ಳೆಯದು.

ನಾವು ಎಳೆಯುವ ಪ್ರಶ್ನೆಯೇ ಬರಲಿಲ್ಲ. ಸ್ಕ್ರೂ ಬಿಟ್ಟ ಕೂಡಲೇ ಕೂಲರ್ ಕೈಗೆ ಬಂತು. ಅದನ್ನು ಮಂಚದ ಮೇಲೆ ಬೋರಲು ಇಟ್ಟು ಮೊಬೈಲ್ ಟಾರ್ಚ್ ಹಾಕಿದೆ. ಸರಿಯಾಗಿ ಒತ್ತಿ ಕೂತಿದ್ದ ಕೂಲರ್‌ನಲ್ಲಿ ಪೇಸ್ಟ್ ನಡುವೆ ಎಷ್ಟು ತೆಳ್ಳಗಾಗಿರುತ್ತದೆಂದರೆ ಕೆಳಗಿನ ತಾಮ್ರ ಇಣುಕುತ್ತದೆ, ಜಾಸ್ತಿಯಾದದ್ದು ಅಂಚಿಗೆ ಬಂದು ಗೆರೆ ಕಟ್ಟಿರುತ್ತದೆ. ಇಲ್ಲಿ ನಡುವೆಯೇ ಪೇಸ್ಟ್ ದಪ್ಪಗೆ, ಬೂದು ಬಣ್ಣದ ಗುಡ್ಡವಾಗಿ ನಿಂತಿತ್ತು. ಬಿಡಿಸುವಾಗ ಎದ್ದ ಸಣ್ಣ ಸಣ್ಣ ಮೊನೆಗಳು ಹಾಗೇ ಇದ್ದವು. ಒಂದು ಮೂಲೆಯಲ್ಲಂತೂ ಪೇಸ್ಟ್ ತಾಗಿಯೇ ಇರಲಿಲ್ಲ, ತಾಮ್ರ ಹೊಸದರ ಹಾಗೆ ಹೊಳೆಯುತ್ತಿತ್ತು.

ಪೇಸ್ಟ್ ಬಿಸಿ ಸಾಗಿಸುವ ಮಾಯದ ವಸ್ತು ಎಂದು ಬಹಳ ಜನ ತಿಳಿದಿದ್ದಾರೆ. ತಾಮ್ರದ ಉಷ್ಣವಾಹಕತೆ ಸುಮಾರು 400. ಡಬ್ಬಿಯ ಮೇಲೆ ಬರೆದಿರುವ ಪ್ರಕಾರವೇ ಒಳ್ಳೆಯ ಪೇಸ್ಟ್‌ನದು ಹತ್ತರ ಆಸುಪಾಸು. ಗಾಳಿಯದು 0.026. ಅಂದರೆ ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಗಾಳಿಯನ್ನು ಹೊರಗೆ ತಳ್ಳುವುದಕ್ಕೆ ಮಾತ್ರ. ಆ ಕೆಲಸ ಮುಗಿದ ಮೇಲೆ ಅದು ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದು. ತೆಳ್ಳಗೆ ಮಾಡುವುದು ಒತ್ತಡ. ಇಲ್ಲಿ ಒತ್ತಡ ಇರಲಿಲ್ಲ. ಪೇಸ್ಟ್ ಬದಲಿಸಿದ್ದರೂ ಹೊಸ ಗುಡ್ಡ ಬರುತ್ತಿತ್ತು, ಅಷ್ಟೇ.

ಒತ್ತಡ ಯಾಕಿರಲಿಲ್ಲ? ಕಾರಣ ಮದರ್‌ಬೋರ್ಡ್ ತಿರುಗಿಸಿ ನೋಡಿದಾಗ ಸಿಕ್ಕಿತು. 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳ ಜತೆ 2021ರಲ್ಲಿ ಎಲ್‌ಜಿಎ 1700 ಸಾಕೆಟ್ ಬಂತು. ಅದಕ್ಕಿಂತ ಮೊದಲಿನ 115ಎಕ್ಸ್ ಮತ್ತು 1200 ಸಾಕೆಟ್‌ಗಳಲ್ಲಿ ಕೂಲರ್ ಸ್ಕ್ರೂಗಳ ತೂತುಗಳ ನಡುವಿನ ಅಂತರ 75 ಮಿಲಿಮೀಟರ್. 1700ರಲ್ಲಿ ಅದು 78. ಜತೆಗೆ ಪ್ರೊಸೆಸರ್‌ನ ಮೇಲ್ಮೈ ಮೊದಲಿಗಿಂತ ಒಂದು ಮಿಲಿಮೀಟರ್‌ಗೆ ಚೂರು ಕಡಿಮೆಯಷ್ಟು ಕೆಳಗೆ ಕೂರುತ್ತದೆ. ತೂತು ಹೊಂದದಿದ್ದರೆ ಹಳೆಯ ಕೂಲರ್ ಕೂರುವುದೇ ಇಲ್ಲ, ಅಲ್ಲಿಗೆ ಗೊತ್ತಾಗಿಬಿಡುತ್ತದೆ. ಆದರೆ ಕೆಲವು ಬೋರ್ಡ್‌ಗಳಲ್ಲಿ ಹಳೆಯ ಕೂಲರ್‌ಗಳಿಗೂ ಅನುಕೂಲವಾಗಲಿ ಎಂದು ಎರಡೂ ಅಳತೆಯ ತೂತುಗಳಿವೆ. ಅವನದು ಅಂಥ ಬೋರ್ಡ್. ಅಂಗಡಿಯಲ್ಲಿ ಹಳೆಯ ಕೂಲರ್‌ನ ಹಳೆಯ ಕಂಬಗಳನ್ನೇ 75ರ ತೂತಿಗೆ ಹಾಕಿ ಬಿಗಿ ಮಾಡಿದ್ದರು. ಸ್ಕ್ರೂಗಳು ಕೊನೆಯವರೆಗೂ ಬಿಗಿಯಾಗಿದ್ದವು. ಅಲುಗಾಡಿಸಿದರೆ ಅಲುಗುತ್ತಿರಲಿಲ್ಲ. ನೋಡುವುದಕ್ಕೆ ಎಲ್ಲ ಸರಿ. ಆದರೆ ಎತ್ತರದ ಲೆಕ್ಕ ಹಳೆಯ ಸಾಕೆಟ್‌ನದು, ಹಾಗಾಗಿ ಕೂಲರ್ ಪ್ರೊಸೆಸರ್ ಮೇಲೆ ಕೂತಿತ್ತು, ಒತ್ತುತ್ತಿರಲಿಲ್ಲ.

ಒಂದು ಮಿಲಿಮೀಟರ್ ಕೂಡ ಅಲ್ಲ, ನೋಡಿ. ಅದಕ್ಕಾಗಿ ಹುಡುಗ ಒಂದಿಡೀ ಸೀಸನ್ ರಾತ್ರಿಯೆಲ್ಲ ಎದ್ದು ಎಕ್ಸ್‌ಪೋರ್ಟ್ ಕಾಯುತ್ತಾ ಕೂತಿದ್ದ. ಈ ಅಳತೆಯ ವಿಷಯ ಅಂಗಡಿಯಲ್ಲಿ ಜೋಡಿಸುವ ಹುಡುಗರಿಗೆ ಯಾರಾದರೂ ಕೂತು ಹೇಳಿಕೊಡಬೇಕು. ದಿನಕ್ಕೆ ಇಷ್ಟು ಯಂತ್ರ ಕಟ್ಟಬೇಕು ಎಂದು ಓಡುವವರು ಅವರು, ಕೂಲರ್ ಜತೆ ಬಂದ ಹಾಳೆ ಓದಲು ಅವರಿಗೆ ಪುರುಸೊತ್ತು ಕೊಡುವವರು ಯಾರು? ಕೂಲರ್ ಕಂಪನಿಗಳು 1700ಕ್ಕೆ ಬೇರೆ ಕಿಟ್ ಮಾಡಿವೆ. ನಾಕ್ಟುವಾದಂಥವರು ಹಳೆಯ ಕೂಲರ್ ಕೊಂಡವರಿಗೆ ಅದನ್ನು ಪುಕ್ಕಟೆಯಾಗಿಯೂ ಕೊಟ್ಟಿದ್ದಾರೆ. ನಾವು ಅವನ ಕೂಲರ್‌ನ ಕಿಟ್ ಹುಡುಕಿ ಆರ್ಡರ್ ಮಾಡಿದೆವು. ಕೂಲರ್‌ನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಕಿಟ್ ಬರುವವರೆಗೆ

ಮದುವೆ ಮನೆಯವರು ಕೊರಿಯರ್‌ಗೆ ಕಾಯುವುದಿಲ್ಲ. ಅವನಿಗೆ ಆ ರಾತ್ರಿಯೇ ಕೆಲಸ ಇತ್ತು. ಊರಿನ ಸೂಪರ್ ಮಾರ್ಕೆಟ್ ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಒಂದು ಪೇಸ್ಟ್ ಸಿರಿಂಜ್ ತಂದು, ಒರೆಸಿ, ಮತ್ತೆ ಹಾಗೇ ಕೂರಿಸಿದೆವು. ಆಮೇಲೆ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋದೆವು. ನನಗೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿ.

ಇಂಟೆಲ್ ಈ ಪ್ರೊಸೆಸರ್‌ಗೆ ಹೇಳಿರುವುದು ಮೂಲ ಪವರ್ 65 ವ್ಯಾಟ್, ಟರ್ಬೊದಲ್ಲಿ ಗರಿಷ್ಠ 180. ಸ್ವಲ್ಪ ಹೊತ್ತು ಓಡಿ, ಆಮೇಲೆ ನಡೆಯಲಿ ಎನ್ನುವ ಲೆಕ್ಕ ಅದು. ಬಯಾಸ್‌ನಲ್ಲಿ ಪಿಎಲ್ 1, ಪಿಎಲ್ 2 ಎಂದು ಪವರ್ ಮಿತಿಯ ಎರಡು ಸಾಲು ಇರುತ್ತವೆ, ಮೊದಲನೆಯದು ಬಹಳ ಹೊತ್ತಿಗೆ, ಎರಡನೆಯದು ಸ್ವಲ್ಪ ಹೊತ್ತಿಗೆ. ಅವನ ಬೋರ್ಡ್‌ನಲ್ಲಿ ಎರಡರ ಮುಂದೆಯೂ 4095 ವ್ಯಾಟ್ ಎಂದಿತ್ತು. ನಾಲ್ಕು ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಎಳೆಯುವಷ್ಟು ಕರೆಂಟು. ಮಿತಿ ಇಲ್ಲ ಎಂದು ಹೇಳುವ ದಾರಿ ಅದು. ಅವನು ಓವರ್‌ಕ್ಲಾಕ್ ಮಾಡಿರಲಿಲ್ಲ (ಅಂದರೆ ಕಂಪನಿ ಹೇಳಿದ್ದಕ್ಕಿಂತ ವೇಗ ಏರಿಸಿರಲಿಲ್ಲ), ಬಯಾಸ್ ತೆರೆದು ಕೂಡ ನೋಡಿರಲಿಲ್ಲ. ಡಬ್ಬಿಯಿಂದ ಬಂದದ್ದೇ ಹಾಗೆ. ಬೋರ್ಡ್ ಕಂಪನಿಗಳು ವೇಗ ಅಳೆಯುವ ಬೆಂಚ್‌ಮಾರ್ಕ್ ಪರೀಕ್ಷೆಯಲ್ಲಿ ಎರಡು ಅಂಕ ಮೇಲೆ ಬರಲಿ ಎಂದು ಹೀಗೆ ಮಾಡುತ್ತಾ ಬಂದಿವೆ, ಬಿಸಿ ಮಾತ್ರ ಕೊಂಡವರ ಪಾಲಿಗೆ. ಇದು ಸಣ್ಣ ವಿಷಯ ಎಂದು ನನಗೆ ಅನಿಸುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದುಬಾರಿ ಪ್ರೊಸೆಸರ್‌ಗಳು ಅಸ್ಥಿರವಾಗಿ ಕ್ರ್ಯಾಶ್ ಆಗತೊಡಗಿದಾಗ, 2024ರಲ್ಲಿ ಇಂಟೆಲ್ ತನ್ನದೇ ಡೀಫಾಲ್ಟ್ ಸೆಟ್ಟಿಂಗ್ ಬಳಸುವಂತೆ ಬೋರ್ಡ್ ಕಂಪನಿಗಳಿಗೆ ಹೇಳಬೇಕಾಯಿತು. ಅಲ್ಲಿ ಮುಖ್ಯ ಕಾರಣ ಪ್ರೊಸೆಸರ್ ಕೇಳುತ್ತಿದ್ದ ಜಾಸ್ತಿ ವೋಲ್ಟೇಜ್, ಅದಕ್ಕೆ ಆಗಸ್ಟ್‌ನಲ್ಲಿ ಮೈಕ್ರೊಕೋಡ್ (ಬಯಾಸ್ ಅಪ್‌ಡೇಟ್ ಮೂಲಕ ಬರುವ ಪ್ರೊಸೆಸರ್‌ನ ತಿದ್ದುಪಡಿ) ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಮಿತಿಗಳನ್ನು ತೆಗೆದಿಟ್ಟ ಬಯಾಸ್‌ಗಳ ಬಗ್ಗೆ ಎಲ್ಲರೂ ಮಾತಾಡಿದ್ದು ಆಗಲೇ. ಆ ಎರಡು ತಲೆಮಾರಿನ ಐ5, ಐ7, ಐ9 ಇಟ್ಟುಕೊಂಡವರು ಬಯಾಸ್ ಅಪ್‌ಡೇಟ್ ಮಾಡಿಲ್ಲದಿದ್ದರೆ ಮೊದಲು ಆ ಕೆಲಸ ಮಾಡಿ.

ಕಿಟ್ ಬರುವವರೆಗೆ ಎರಡೂ ಸಾಲಿಗೆ 65 ಹಾಕಿದೆವು. ಉಷ್ಣತೆ 75ರ ಹತ್ತಿರ ನಿಂತಿತು. ಎಕ್ಸ್‌ಪೋರ್ಟ್ ನಿಧಾನವಾಯಿತು, ಆದರೆ ಅವನು ಹೆದರಿದ್ದಕ್ಕಿಂತ ಎಷ್ಟೋ ಕಡಿಮೆ. ಯಾಕೆಂದರೆ ಪ್ರೊಸೆಸರ್ ಎಳೆಯುವ ಪವರ್ ವೇಗದ ಜತೆ ಒಂದೇ ಸಮ ಏರುವುದಿಲ್ಲ. ವೇಗ ಹೆಚ್ಚಿಸಲು ವೋಲ್ಟೇಜ್ ಹೆಚ್ಚಿಸಬೇಕು, ಪವರ್ ಏರುವುದು ಆ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ. ಕೊನೆಯ ಒಂದಿಷ್ಟು ಮೆಗಾಹರ್ಟ್ಸ್‌ಗೆ ಕೊಡುವ ವ್ಯಾಟ್ ತುಂಬ ದುಬಾರಿ. ಹೊಸ ಕಿಟ್ ಹಾಕಿದ ಮೇಲೆ ಪಿಎಲ್ 1 ಮತ್ತು ಪಿಎಲ್ 2 ಎರಡನ್ನೂ 125ಕ್ಕೆ ಇಟ್ಟಿದ್ದೇವೆ. 38 ಡಿಗ್ರಿಯ ರೂಮಿನಲ್ಲಿ 86ಕ್ಕೆ ನಿಂತಿದೆ, ಥ್ರಾಟ್ಲಿಂಗ್ ಇಲ್ಲ. 48ನ್ನು 125ರಿಂದ ಭಾಗಿಸಿದರೆ 0.38. ಅವನೇ ಲೆಕ್ಕ ಹಾಕಿ ಕಳಿಸಿದ. ಕೂಲರ್ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಹಿಂದೆ ಮಿತಿಯೇ ಇಲ್ಲದೆ ನೂರು ಡಿಗ್ರಿಯಲ್ಲಿ ಏದುಸಿರು ಬಿಡುತ್ತಿದ್ದ ಯಂತ್ರಕ್ಕಿಂತ ಈಗ ಮಿತಿ ಹಾಕಿದ ಇದೇ ಬೇಗ ಎಕ್ಸ್‌ಪೋರ್ಟ್ ಮುಗಿಸುತ್ತದೆ. ರೈಜನ್ ಇರುವವರಿಗೆ ಇದೇ ಕೆಲಸ ಬಯಾಸ್‌ನ ಇಕೊ ಮೋಡ್‌ನಲ್ಲಿ ಸಿಗುತ್ತದೆ.

(ವಿಡಿಯೊ ಕೆಲಸದವರಿಗೆ ಇನ್ನೊಂದು ಮಾತು. ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್, ಅಂದರೆ ವಿಡಿಯೊ ಕುಗ್ಗಿಸುವ ಕೆಲಸವನ್ನು ಅದಕ್ಕೆಂದೇ ಇರುವ ಬೇರೆ ಭಾಗಕ್ಕೆ ಕೊಡುವುದು, ಆನ್ ಇದೆಯೇ ನೋಡಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಕೊಡುವ ಮದುವೆ ವಿಡಿಯೊಗೆ ಅದು ಧಾರಾಳ ಸಾಕು. ಪ್ರೊಸೆಸರ್‌ನ ಎಷ್ಟೋ ಭಾರ ಅಲ್ಲೇ ಇಳಿಯುತ್ತದೆ.)

ಗಾಜು, ಧೂಳು, ಗಾಳಿ

ಇಷ್ಟಾದ ಮೇಲೆ ಉಳಿದದ್ದು ನಿಧಾನವಾಗಿ ಏರುವ ಬಿಸಿ. ಅರ್ಧ ಗಂಟೆ ಓಡಿದ ಮೇಲೆ ನಾಲ್ಕೈದು ಡಿಗ್ರಿ ಮೇಲೆ ಹೋಗುತ್ತದೆ. ಪಕ್ಕದ ಬಾಗಿಲು ತೆಗೆದಿಟ್ಟರೆ ಅಷ್ಟೂ ಇಳಿಯುತ್ತದೆ. ಇದು ಕೇಸಿನ ತಪ್ಪು ಎಂದು ಹೇಳಲು ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ, ದುಡ್ಡೂ ಬೇಡ. ಮುಂದಿನ ಗಾಜಿಗೂ ಚೌಕಟ್ಟಿಗೂ ನಡುವೆ ಕಿರುಬೆರಳು ತೂರದಷ್ಟು ಸಂದಿ, ಮೂರು ಫ್ಯಾನ್‌ಗಳು ಆ ಸಂದಿಯಿಂದಲೇ ಉಸಿರಾಡಬೇಕು. ಗಿರಾಕಿಗಳು ಬಂದಾಗ ಬಣ್ಣದ ದೀಪ ಕಾಣಬೇಕು ಎನ್ನುವುದು ಅವನ ಆಸೆ. ಸ್ಟುಡಿಯೊ ಅಂದ ಮೇಲೆ ಅದೂ ಬೇಕಲ್ವಾ. ಜಾಲರಿ ಮುಖದ ಕೇಸಿನಲ್ಲೂ ದೀಪ ಕಾಣುತ್ತದೆ ಎಂದು ಹೇಳಿ ಬಂದಿದ್ದೇನೆ.

ಧೂಳು ಆ ಕಡೆ ದೊಡ್ಡ ವಿಷಯ. ಬೇಸಿಗೆಯಲ್ಲಿ ಮನೆ ಮನೆಯಲ್ಲೂ ನೀರಿನ ಏರ್ ಕೂಲರ್ ಓಡುತ್ತದೆ. ಒಣ ಹವೆಯಲ್ಲಿ ಅದು ರೂಮನ್ನು ಚೆನ್ನಾಗಿಯೇ ತಣಿಸುತ್ತದೆ. ಆಗ ಕಂಪ್ಯೂಟರ್‌ನೊಳಗೂ ಅಷ್ಟೇ ಡಿಗ್ರಿ ಇಳಿಯುತ್ತದೆ. ಆದರೆ ಅದರ ಒದ್ದೆ ಗಾಳಿ ನೇರವಾಗಿ ಕೇಸಿನ ಮೇಲೆ ಬೀಳಬಾರದು, ಧೂಳು ರೆಕ್ಕೆಗಳ ನಡುವೆ ಅಂಟಿ ಪದರ ಕಟ್ಟುತ್ತದೆ. ಬ್ಲೋವರ್ ಹಿಡಿದು ಊದುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಇನ್ನು ಬಯಾಸ್ ಅಪ್‌ಡೇಟ್ ಮಾಡಿದಾಗ ಪಿಎಲ್ ಮಿತಿಗಳು ಮತ್ತೆ ಹಳೆಯದಕ್ಕೆ ಹೋಗಬಹುದು, ಆಮೇಲೆ ಒಮ್ಮೆ ಒಳಗೆ ಹೋಗಿ ನೋಡಲೇಬೇಕು. ಅವನಿಗೆ ಇದನ್ನು ಬರೆದೇ ಕೊಟ್ಟಿದ್ದೇನೆ. ತುಳಸಿ ಲಗ್ನ ಮುಗಿದರೆ ಮದುವೆಗಳು ಮತ್ತೆ ಶುರುವಾಗುತ್ತವೆ, ಅದಕ್ಕಿಂತ ಮುಂಚೆ ಜಾಲರಿ ಮುಖದ ಕೇಸ್ ತರೋಣ ಎಂದು ಮಾತಾಗಿದೆ.